ಕೂಲಿಮಠದ ಜಗಲಿಯೂ ಆನ್‌ಲೈನ್ ತರಗತಿಯೂ

ವಿದ್ಯೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ಸಂಸ್ಕೃತದ ಹಳೆಯ ಸುಭಾಷಿತವೊಂದು ಲೆಕ್ಕ ಹಾಕಿದೆ. ಕಾಲು ಪಾಲು ಗುರುವಿನಿಂದ, ಕಾಲು ಪಾಲು ಸ್ವಂತ ಬುದ್ಧಿಯಿಂದ, ಕಾಲು ಪಾಲು ಜೊತೆಯಲ್ಲಿ ಓದುವವರಿಂದ, ಉಳಿದ ಕಾಲು ಪಾಲು ಕಾಲಕ್ರಮದಲ್ಲಿ. ಈ ಲೆಕ್ಕವನ್ನು ಇಂದಿನ ಆನ್‌ಲೈನ್ ಪದವಿ ಶಿಕ್ಷಣಕ್ಕೆ ಹಚ್ಚಿ ನೋಡಿದರೆ ಒಂದು ಪಾಲು ಸೋರಿಹೋಗಿರುವುದು ಕಾಣುತ್ತದೆ.

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯನ್ನೇ ತೆಗೆದುಕೊಳ್ಳೋಣ. ಪಾಳೇಗಾರರ ಕಾಲದಿಂದ ಹೆಸರಾದ ಊರು; ಈಗ ಹೋಬಳಿ ಕೇಂದ್ರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಾಡಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು. ಇಲ್ಲಿನ ಹುಡುಗಿಯೊಬ್ಬಳು ಊರು ಬಿಟ್ಟು ಹೋಗಲಾಗದೆ ಆನ್‌ಲೈನ್ ಪದವಿಗೆ ಸೇರಿದಳು ಎಂದು ಇಟ್ಟುಕೊಳ್ಳೋಣ. ಮೇಷ್ಟರ ಪಾಠ ಫೋನಿನ ಪರದೆಗೆ ಬರುತ್ತದೆ. ಬುದ್ಧಿ ಅವಳದೇ ಇದೆ. ಕಾಲವೂ ಅದರ ಪಾಡಿಗೆ ಅದು ಸಾಗುತ್ತದೆ. ಆದರೆ ಪಕ್ಕದ ಬೆಂಚಿನಲ್ಲಿ ಕುಳಿತು, 'ಇದೇನೇ, ನನಗೆ ತಿಳೀಲಿಲ್ಲ' ಎಂದು ಕೇಳುವ ಗೆಳತಿ ಇಲ್ಲ. ಮೂರನೆಯ ಪಾಲು ಇಲ್ಲವಾದದ್ದು ಹೀಗೆ.

ಈ ಕೊರತೆ ವಿಶ್ವವಿದ್ಯಾಲಯಗಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೆಂದೇ ಎಷ್ಟೋ ಆನ್‌ಲೈನ್ ಕೋರ್ಸುಗಳಲ್ಲಿ ಐದಾರು ಹೆಸರುಗಳನ್ನು ಒಟ್ಟು ಮಾಡಿ, ಒಂದು ವಿಷಯ ಕೊಟ್ಟು, ಇಂಥ ತಾರೀಖಿನೊಳಗೆ ಒಪ್ಪಿಸಿ ಎನ್ನುತ್ತಾರೆ. ಆಮೇಲೆ ನಡೆಯುವುದು ಬಹುಮಂದಿಗೆ ಗೊತ್ತಿರುವುದೇ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಕಾಗುಣಿತ ತಿದ್ದುತ್ತಾರೆ, ಉಳಿದವರ ಹೆಸರು ಮಾತ್ರ ಸೇರಿಕೊಳ್ಳುತ್ತದೆ. ಗುಂಪು ಮಾಡಿದ ಮಾತ್ರಕ್ಕೆ ಗುಂಪು ಕಲಿಕೆ ಆಗುವುದಿಲ್ಲ. ಅದಕ್ಕೆ ಯೋಜನೆ ಬೇಕು. ಈ ಯೋಜನೆ ಎಂದರೇನು, ಅದು ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೆಟ್ಟಿತು ಎಂಬುದನ್ನು ತಿಳಿಯಲು ಇನ್ನೂರು ವರ್ಷ ಹಿಂದಕ್ಕೆ, ನಮ್ಮದೇ ಸೀಮೆಯ ಜಗಲಿ ಶಾಲೆಗಳಿಗೆ ಹೋಗಬೇಕು.

ಕಲೆಕ್ಟರ್ ಕಂಡ ಶಾಲೆಗಳು

ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಕನ್ನಡ ನಾಡಿನ ಮಕ್ಕಳು ಅಕ್ಷರ ಕಲಿತದ್ದು ಕೂಲಿಮಠಗಳಲ್ಲಿ. ದೇವಸ್ಥಾನದ ಕೈಸಾಲೆ, ಮಠದ ಪಡಸಾಲೆ, ಊರ ಅನುಕೂಲಸ್ಥರ ಮನೆಯ ಜಗಲಿ, ಎಲ್ಲಿ ನೆರಳಿತ್ತೋ ಅಲ್ಲೇ ಶಾಲೆ. ಮೇಷ್ಟರಿಗೆ ಮಕ್ಕಳ ತಂದೆತಾಯಿ ಕೊಟ್ಟ ಹಣ, ದವಸವೇ ಸಂಬಳ. ಈ ಶಾಲೆಗಳ ಒಳಗೆ ಪಾಠ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಒಂದು ಅಪರೂಪದ ದಾಖಲೆ ಇದೆ.

ಮದ್ರಾಸ್ ಪ್ರಾಂತದ ಗವರ್ನರ್ ಸರ್ ಥಾಮಸ್ ಮನ್ರೊ 1822ರ ಜೂನ್‌ನಲ್ಲಿ, ತನ್ನ ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ವರದಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಉಳಿದವರ ಉತ್ತರಗಳಂತೆ ಬರೀ ಅಂಕಿಗಳ ಪಟ್ಟಿಯಾಗಿರಲಿಲ್ಲ. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಅನಂತಪುರ ಜಿಲ್ಲೆ ಅದರಿಂದ ಬೇರೆಯಾದದ್ದು 1882ರಲ್ಲಿ. ಹೀಗಾಗಿ ಅದರ ದಕ್ಷಿಣದ ಸೀಮೆ ಪೆನುಕೊಂಡೆ, ಮಡಕಶಿರಾಗಳವರೆಗೆ, ಎಂದರೆ ಮಧುಗಿರಿ ಮತ್ತು ಪಾವಗಡಗಳ ಬೇಲಿಯವರೆಗೂ ಚಾಚಿತ್ತು. ಬೇಲಿಯ ಆ ಕಡೆ ಕುಂಪಣಿ ಸರ್ಕಾರ, ಈ ಕಡೆ ಮೈಸೂರು ಸಂಸ್ಥಾನ. ಭಾಷೆ, ಬೆಳೆ, ಬದುಕು ಎರಡೂ ಕಡೆ ಒಂದೇ ಬಗೆಯವು.

ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕ ಹೀಗಿದೆ: ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರು ಸಂಸ್ಕೃತದಲ್ಲಿ ಶಾಸ್ತ್ರಗಳನ್ನು ಕಲಿಯುತ್ತಿದ್ದ ಜಾಗಗಳು. ಒಟ್ಟು ವಿದ್ಯಾರ್ಥಿಗಳು 6,641, ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು. ಈ ಹನ್ನೆರಡರ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಹುಡುಗನಿಗೆ ಐದು ವರ್ಷ ತುಂಬಿದಾಗ ಅವನನ್ನು ನೇರವಾಗಿ ಶಾಲೆಗೆ ಅಟ್ಟುತ್ತಿರಲಿಲ್ಲ. ಮೇಷ್ಟರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ವೃತ್ತಾಕಾರವಾಗಿ ಕುಳಿತು, ಹೊಸ ಹುಡುಗನನ್ನು ದೇವರ ಎದುರಿಗೆ ಕೂರಿಸಿ, ಪ್ರಾರ್ಥನೆ ಹೇಳಿಸಿ, ಮೇಷ್ಟರು ಅವನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಿದ್ದರು. ಮರುದಿನ ಶಾಲೆಗೆ ಹೋಗುವ ಹೊತ್ತಿಗೆ ಆ ಹುಡುಗನಿಗೆ ಅಲ್ಲಿರುವ ಎಲ್ಲರ ಮುಖವೂ ಪರಿಚಿತ. ಕಲಿಕೆ ಶುರುವಾಗುವುದಕ್ಕೆ ಮುಂಚೆಯೇ ಗುಂಪು ಅವನನ್ನು ತನ್ನೊಳಗೆ ಸೇರಿಸಿಕೊಂಡಿರುತ್ತಿತ್ತು.

ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದೇ ಹೆಚ್ಚು. ಎಲ್ಲರೂ ಸೇರಿದ ಮೇಲೆ ಅವರವರ ಕಲಿಕೆಯ ಮಟ್ಟ ನೋಡಿ ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಕೆಳಗಿನ ತರಗತಿಗಳನ್ನು ನೋಡಿಕೊಳ್ಳುವುದರಲ್ಲಿ ಹಿರಿಯ ಹುಡುಗರಿಗೂ ಪಾಲು. ಮೇಲಿನ ತರಗತಿಗಳಿಗೆ ಮೇಷ್ಟರೇ ಪಾಠ ಹೇಳುತ್ತಿದ್ದರು. ಆದರೆ ಅವರ ಕಣ್ಣು ಮಾತ್ರ ಇಡೀ ಶಾಲೆಯ ಮೇಲೆ. ಯಾರು ಯಾವಾಗ ಮೇಲಿನ ತರಗತಿಗೆ ಹೋಗಬೇಕೆಂಬುದನ್ನು ವಯಸ್ಸು ನೋಡಿ ಅಲ್ಲ, ಕಲಿತದ್ದನ್ನು ನೋಡಿ ತೀರ್ಮಾನಿಸುತ್ತಿದ್ದರು.

ಚಿಕ್ಕವರು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಇದ್ದಿಲು ಬಳಿದ ಮರದ ಹಲಗೆ, ಇಲ್ಲವೇ ಗಂಜಿ ಹಾಕಿ ಮಡಿಸಿ ಇದ್ದಿಲು, ಅಂಟು ಸವರಿದ ಬಟ್ಟೆಯ ಕಡತ, ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಈ ಅಗ್ಗದ ಸಾಮಗ್ರಿಯನ್ನೂ, ಹೆಚ್ಚು ಕಲಿತವನು ಕಡಿಮೆ ಕಲಿತವನಿಗೆ ಹೇಳಿಕೊಡುತ್ತಾ ತನ್ನ ಕಲಿಕೆಯನ್ನೇ ಗಟ್ಟಿ ಮಾಡಿಕೊಳ್ಳುವ ಕ್ರಮವನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿಕೊಂಡ. ಇಂಗ್ಲೆಂಡು ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದೂ ಬರೆದ.

ಮೆಚ್ಚಿಕೊಂಡವನೇ ತಪ್ಪುಗಳನ್ನೂ ಎತ್ತಿ ತೋರಿಸಿದ. ಮಕ್ಕಳು ನೂರಾರು ಪದ್ಯಗಳನ್ನು ಒಪ್ಪಿಸುತ್ತಿದ್ದರು, ಅರ್ಥ ಮಾತ್ರ ತಿಳಿಯದು, ಗಿಳಿಪಾಠ. ಮೇಷ್ಟರಿಗೇ ಅರ್ಥ ತಿಳಿಯದಿದ್ದಾಗ ಹಿರಿಯ ಹುಡುಗ ಕಿರಿಯನಿಗೆ ದಾಟಿಸುವುದಾದರೂ ಏನನ್ನು? ಇನ್ನೊಂದು ಕೊರತೆ ಅಂಕಿಗಳಲ್ಲೇ ಇದೆ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಸಾವಿರ ಜನರಿಗೆ ಶಾಲೆಯಲ್ಲಿದ್ದವರು ಏಳು ಮಂದಿ. ಜಗಲಿಯ ಮೇಲಿನ ಗುಂಪು ಚೆನ್ನಾಗಿಯೇ ಇತ್ತು. ಜಗಲಿ ಹತ್ತಲಾಗದವರೇ ಊರ ತುಂಬ ಇದ್ದರು. ಜೊತೆಗೆ ಬಿಲಾತಿ ಬಟ್ಟೆಯಿಂದ ನೇಕಾರಿಕೆ ಕುಸಿದು, ನಾಡು ಬಡವಾಗಿ, ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆ ಇಲ್ಲವಾಗಿದೆ ಎಂದು ಆ ಕಲೆಕ್ಟರನೇ ವಿಷಾದಪಟ್ಟ.

ಮದ್ರಾಸಿನಿಂದ ಲಂಡನ್ನಿಗೆ

ಇಂಗ್ಲೆಂಡು ಅನುಸರಿಸಿತು ಎಂದನಲ್ಲ, ಆ ಕಥೆಯೂ ಕುತೂಹಲದ್ದೇ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯದ ಶಾಲೆಯ ಮೇಲ್ವಿಚಾರಕನಾದ. ಅಲ್ಲಿ ಓದುತ್ತಿದ್ದವರು ಸೈನಿಕರ ಮಕ್ಕಳು. ಹತ್ತಿರದ ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ತಿದ್ದುವುದನ್ನು ಕಂಡು, ತನ್ನ ಶಾಲೆಯಲ್ಲೂ ಹಾಗೆ ಮಾಡಿಸಿ ಎಂದು ಉಪಾಧ್ಯಾಯರಿಗೆ ಹೇಳಿದ. ಅವರು ಒಲ್ಲೆವೆಂದರು. ಆಗ ಬೆಲ್ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಚಿಕ್ಕವರಿಗೆ ಅಕ್ಷರ ಕಲಿಸುವ ಕೆಲಸ ಒಪ್ಪಿಸಿದ. ದೊಡ್ಡವರಿಂದ ಆಗದ್ದು ಆ ಹುಡುಗನಿಂದ ಆಯಿತು. ಬೆಲ್ ಊರಿಗೆ ಮರಳಿ 1797ರಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. ಮುಂದೆ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು.

ಅದೇ ಹೊತ್ತಿಗೆ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನ ಸದರ್ಕ್ ಭಾಗದಲ್ಲಿ 1798ರಲ್ಲಿ ಬಡಮಕ್ಕಳ ಶಾಲೆ ತೆರೆದು ಇಂಥದೇ ಪದ್ಧತಿ ನಡೆಸಿದ. ದೊಡ್ಡದೊಂದು ಹಜಾರ, ಸಾಲು ಸಾಲು ಬೆಂಚು, ಸಾಲಿಗೊಬ್ಬ ಮಾನಿಟರ್, ಇಡೀ ಶಾಲೆಗೆ ಒಬ್ಬನೇ ಮೇಷ್ಟರು. ಒಬ್ಬ ಉಪಾಧ್ಯಾಯ ಸಾವಿರ ಮಕ್ಕಳಿಗೆ ಕಲಿಸಬಲ್ಲ ಎಂಬುದು ಅವನ ಹೆಮ್ಮೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳು ಎಂದ ಕೂಡಲೇ ದಾನಿಗಳಿಗೂ ಆಳುವವರಿಗೂ ಹಿಡಿಸಿತು. ಪದ್ಧತಿ ಯೂರೋಪು, ಅಮೆರಿಕಗಳಿಗೆಲ್ಲ ಹಬ್ಬಿತು.

ಕೆಟ್ಟದ್ದೂ ಇಲ್ಲೇ. ಹನ್ನೆರಡು ಮಕ್ಕಳ ಜಗಲಿಯಲ್ಲಿ ಮೇಷ್ಟರ ಕಣ್ಣು ಎಲ್ಲರನ್ನೂ ಮುಟ್ಟುತ್ತಿತ್ತು. ಸಾವಿರ ಮಕ್ಕಳ ಹಜಾರದಲ್ಲಿ ಅದು ಸಾಧ್ಯವೇ? ಬೆಳಿಗ್ಗೆ ಕಲಿತದ್ದನ್ನು ಮಾನಿಟರ್ ಹುಡುಗ ಮಧ್ಯಾಹ್ನ ಒದರುತ್ತಿದ್ದ, ಸಾಲಿನವರು ಹಿಂದಿನಿಂದ ಒದರುತ್ತಿದ್ದರು. ತಪ್ಪು ಕಲಿತಿದ್ದರೆ ತಪ್ಪೇ ಸಾಲಿನ ಕೊನೆಯವರೆಗೂ ಹರಿಯುತ್ತಿತ್ತು. 1846ರ ಹೊತ್ತಿಗೆ ಬ್ರಿಟಿಷ್ ಸರ್ಕಾರವೇ ಮಾನಿಟರುಗಳ ಬದಲು, ಹದಿಮೂರು ದಾಟಿದ ಹುಡುಗ ಹುಡುಗಿಯರಿಗೆ ಭತ್ಯೆ ಕೊಟ್ಟು ಐದು ವರ್ಷ ತರಬೇತಿ ಕೊಡುವ ಕ್ರಮ ತಂದಿತು. ಒಂದೇ ಪದ್ಧತಿ ಜಗಲಿಯ ಮೇಲೆ ಗುರುವಿಗೆ ಊರುಗೋಲಾಗಿತ್ತು. ಹಜಾರದಲ್ಲಿ ಅದನ್ನೇ ಗುರುವಿನ ಜಾಗದಲ್ಲಿ ಕೂರಿಸಲು ಹೋಗಿ ಕೆಡಿಸಿದರು.

ಅಂಚೆಯಿಂದ ಕಂಪ್ಯೂಟರಿಗೆ

ದೂರ ಶಿಕ್ಷಣಕ್ಕೂ ಇದೇ ಪರೀಕ್ಷೆ ಎದುರಾಯಿತು. ಭಾರತದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅದೇ ಹಾದಿ ಹಿಡಿಯಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಗುಮಾಸ್ತರು, ಮೇಷ್ಟರುಗಳು, ಗೃಹಿಣಿಯರು ಈ ಬಾಗಿಲಿನಿಂದ ಪದವಿ ಪಡೆದರು. ಪಾಠದ ಪುಸ್ತಕ ಮನೆಗೇ ಬರುತ್ತಿತ್ತು. ಆದರೆ ಓದುವ ಜೊತೆಗಾರ ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆ ನಡೆಯುವ ಸಂಪರ್ಕ ತರಗತಿಯಲ್ಲಿ ಮಾತ್ರ. ಅಲ್ಲಿ ಆದ ಪರಿಚಯ, ಒಟ್ಟಿಗೆ ಕುಡಿದ ಕಾಫಿ, ಬದಲಾಯಿಸಿಕೊಂಡ ನೋಟ್ಸು ಎಷ್ಟೋ ಮಂದಿಯನ್ನು ಪರೀಕ್ಷೆಯ ದಡಕ್ಕೆ ಸೇರಿಸಿದವು.

ಮನೆಯಲ್ಲೇ ಇರುವವರನ್ನು ಕಂಪ್ಯೂಟರ್ ಮೂಲಕ ಒಂದು ಗುಂಪಾಗಿ ಸೇರಿಸಬಹುದೇ? ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1988ರಲ್ಲಿ ಒಂದು ಕೋರ್ಸಿನ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟೆಲಿಫೋನ್ ತಂತಿಯ ಮೂಲಕ ಚರ್ಚೆ ಮಾಡುವ ವ್ಯವಸ್ಥೆ ಕಲ್ಪಿಸಿತು. ಬರೆದವರು ಸ್ವಲ್ಪ ಮಂದಿ. ಓದಿ ಸುಮ್ಮನಾದವರು, ಇತ್ತ ಸುಳಿಯದವರೇ ಹೆಚ್ಚು. ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ಕರೆದು ಕೂರಿಸುವವರು ಬೇಕು ಎಂಬ ಪಾಠ ಅಲ್ಲಿ ಸಿಕ್ಕಿತು. ಆ ವಿಶ್ವವಿದ್ಯಾಲಯದವರೇ ಆದ ಗಿಲಿ ಸ್ಯಾಮನ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಐದು ಮೆಟ್ಟಿಲುಗಳಾಗಿ ವಿವರಿಸಿದರು. ಮೊದಲು ವಿದ್ಯಾರ್ಥಿಗೆ ಯಂತ್ರ ಒಗ್ಗಬೇಕು. ಎರಡನೆಯದು ಒಬ್ಬರಿಗೊಬ್ಬರ ಪರಿಚಯ. ಮೂರನೆಯದು ತಿಳಿದದ್ದನ್ನು ಹಂಚಿಕೊಳ್ಳುವುದು. ನಾಲ್ಕನೆಯದು ಒಟ್ಟಿಗೆ ಹೊಸದನ್ನು ಕಟ್ಟುವುದು. ಐದನೆಯದು ತಾನು ಕಲಿತ ಬಗೆಯನ್ನು ತಾನೇ ಹಿಂತಿರುಗಿ ನೋಡುವುದು. ನಮ್ಮ ಕೋರ್ಸುಗಳು ಎಡವುವುದು ಮೊದಲ ಎರಡು ಮೆಟ್ಟಿಲು ಹಾರಿ ನಾಲ್ಕನೆಯದಕ್ಕೆ ಕಾಲಿಡುವುದರಿಂದ. ಗಣೇಶನ ಮುಂದೆ ಎಲ್ಲರನ್ನೂ ಸುತ್ತ ಕೂರಿಸಿದ ಹಳ್ಳಿಯ ಮೇಷ್ಟರು ಆ ತಪ್ಪು ಮಾಡಿರಲಿಲ್ಲ.

ಲ್ಯಾಂಕಾಸ್ಟರನ ಹಜಾರ ಮತ್ತೊಮ್ಮೆ ಕಾಣಿಸಿಕೊಂಡದ್ದು 2013ರಲ್ಲಿ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆ ಕೋರ್ಸೆರಾ ತಾಣದಲ್ಲಿ ಉಚಿತ ಕೋರ್ಸೊಂದನ್ನು ತೆರೆಯಿತು. ವಿಷಯ ಯಾವುದು ಗೊತ್ತೇ? ಆನ್‌ಲೈನ್ ಶಿಕ್ಷಣವನ್ನು ಯೋಜಿಸುವುದು ಹೇಗೆ! ಸೇರಿದವರು ನಲವತ್ತು ಸಾವಿರಕ್ಕೂ ಹೆಚ್ಚು. ನೀವು ನೀವೇ ಗುಂಪು ಮಾಡಿಕೊಳ್ಳಿ ಎಂದು ಒಂದು ಕಂಪ್ಯೂಟರ್ ಪಟ್ಟಿಯಲ್ಲಿ ಹೆಸರು ಬರೆಯಲು ಹೇಳಿದರು. ಎಲ್ಲರೂ ಒಟ್ಟಿಗೆ ನುಗ್ಗಿದರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿದರು, ಪಟ್ಟಿ ಕುಸಿಯಿತು. ಒಂದು ವಾರದೊಳಗೆ ಕೋರ್ಸನ್ನೇ ನಿಲ್ಲಿಸಬೇಕಾಯಿತು. ಇನ್ನೂರು ವರ್ಷಗಳಲ್ಲಿ ಯಂತ್ರ ಬದಲಾಗಿದ್ದರೂ ತಪ್ಪು ಬದಲಾಗಿರಲಿಲ್ಲ.

ಒಂದನೇ ತರಗತಿಯಿಂದ ಪಾಠ

ಗುಂಪನ್ನು ಯೋಜಿಸುವ ವಿದ್ಯೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಹೊರದೇಶದಿಂದಲೇ ತರಬೇಕಿಲ್ಲ. ಒಂದನೇ ತರಗತಿಗೆ ಹೋದರೂ ಸಾಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿ ಬಂದ ಉಪಾಧ್ಯಾಯರು ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭಿಸಿದರು. ಅದು 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು. ಅಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಎರಡನೆಯದಕ್ಕೆ ಸ್ವಲ್ಪ ನೆರವು, ಮೂರನೆಯದಕ್ಕೆ ಜೊತೆಯ ಮಕ್ಕಳ ನೆರವು, ನಾಲ್ಕನೆಯದಕ್ಕೆ ಅದರಲ್ಲೂ ಸ್ವಲ್ಪವೇ, ಐದನೆಯ ಗುಂಪಿನಲ್ಲಿ ಮಗು ತಾನೇ ಕಲಿಯುತ್ತದೆ. ಜೊತೆಗಾರನ ನೆರವು ಎಲ್ಲಿ ಬೇಕು, ಗುರುವಿನ ನೆರವು ಎಲ್ಲಿ ಬೇಕು ಎಂಬುದು ಮೊದಲೇ ಗೊತ್ತುಮಾಡಿರುತ್ತದೆ.

ಯಾರು ಗುಂಪಿನ ಹೊರಗೆ ಉಳಿದರು ಎಂಬ ಪ್ರಶ್ನೆಯೂ ಹಳೆಯದಾಗಿಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ರಾಜ್ಯ ಸರ್ಕಾರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಯೋಜನೆ ತಂದಿತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರು ಅವರಿದ್ದಲ್ಲಿಗೇ ಹೋದರು. ಮರದ ನೆರಳು, ಗುಡಿಯ ಅಂಗಳ, ಮನೆಯ ಜಗಲಿ ಮತ್ತೆ ಶಾಲೆಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದರೂ, ಗುಂಪು ಮಾಡುವ ಮುನ್ನ ಯಾರ ಕೈಯಲ್ಲಿ ಏನಿದೆ ಎಂದು ಕೇಳಿದ ಆ ಕ್ರಮವನ್ನು ವಿಶ್ವವಿದ್ಯಾಲಯಗಳೂ ಅನುಸರಿಸಬೇಕಾದದ್ದೇ. ಸಂಜೆ ಅಣ್ಣ ಮನೆಗೆ ಬಂದ ಮೇಲಷ್ಟೇ ಫೋನ್ ಸಿಗುವ ಹುಡುಗಿಗೆ ಬೆಳಿಗ್ಗೆ ಹನ್ನೊಂದಕ್ಕೆ ಗುಂಪು ಚರ್ಚೆ ಇಟ್ಟರೆ, ಅವಳು ಕ್ಯಾಂಪ್‌ಬೆಲ್‌ನ ಕಾಲದ ಹೆಣ್ಣುಮಗುವಿನಂತೆ ಜಗಲಿಯ ಕೆಳಗೇ ಉಳಿಯುತ್ತಾಳೆ.

ನಾಲ್ಕು ತಾಲ್ಲೂಕಿನ ಒಂದು ಗುಂಪು

ಹಾಗಾದರೆ ಒಳ್ಳೆಯ ಯೋಜನೆ ಹೇಗಿರಬೇಕು? 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಉಪಾಯ ಮಾಡಿದ. ಕರಿಯ, ಬಿಳಿಯ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಸೇರಿಸಿದ್ದರಿಂದ ತರಗತಿಗಳಲ್ಲಿ ವೈಮನಸ್ಯ ತುಂಬಿತ್ತು. ಆತ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬನಿಗೆ ಒಂದೊಂದು ತುಂಡು ಕೊಟ್ಟ. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಪಕ್ಕದವನ ಮಾತು ಕೇಳದೆ ಗತಿಯಿಲ್ಲ. ಹೇಳುವವನೂ ತನ್ನ ತುಂಡನ್ನು ಚೆನ್ನಾಗಿ ಅರಿಯದೆ ಗತಿಯಿಲ್ಲ.

ಇದನ್ನು ನಮ್ಮ ಸೀಮೆಗೆ ತಂದು ನೋಡೋಣ. ಆನ್‌ಲೈನ್ ಬಿ.ಎ. ಇತಿಹಾಸದ ಒಂದು ಗುಂಪಿನಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ವರಿದ್ದಾರೆ ಎನ್ನೋಣ. ವಿಷಯ, 'ಈ ಬಯಲುಸೀಮೆಯನ್ನು ಯಾರು, ಹೇಗೆ ಆಳಿದರು?' ಶಿರಾದವನಿಗೆ 1687ರಲ್ಲಿ ಅಲ್ಲಿ ನೆಲೆಯೂರಿದ ಮೊಗಲರ ಸುಬಾ ಮತ್ತು 1651ರ ಮಲಿಕ್ ರಿಹಾನ್ ಗೋರಿ. ಮಧುಗಿರಿಯವಳಿಗೆ ಏಕಶಿಲಾ ಬೆಟ್ಟದ ಕೋಟೆ. ಹೊಳವನಹಳ್ಳಿಯವಳಿಗೆ ಪಾಳೇಗಾರರು. ಪಾವಗಡದವನಿಗೆ ಇತ್ತೀಚಿನ ಕಥೆ: ತಿರುಮಣಿ ಸುತ್ತಮುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಎದ್ದ, 2,050 ಮೆಗಾವಾಟ್ ಶಕ್ತಿಯ ಸೌರ ವಿದ್ಯುತ್ ಪಾರ್ಕು, ಬರದ ನೆಲದ ಮೇಲೆ ಈಗ ಯಾರ ಅಧಿಕಾರ ಎಂಬ ಪ್ರಶ್ನೆ. ನಾಲ್ವರೂ ತಂತಮ್ಮ ಊರಿನಲ್ಲಿ ನೋಡಿ, ಕೇಳಿ, ಬರೆದು ತಂದದ್ದು ಉಳಿದ ಮೂವರಿಗೆ ಬೇರೆಲ್ಲೂ ಸಿಗದು. ಇಲ್ಲಿ ಒಬ್ಬರು ಬರೆದು ಮೂವರು ಸಹಿ ಹಾಕುವ ಹಾಗಿಲ್ಲ.

ಗುಂಪಿಗೆ ಅರ್ಧ ಅಂಕ, ಒಬ್ಬೊಬ್ಬರ ಪಾಲಿಗೆ ಅರ್ಧ ಅಂಕ ಇರಲಿ. ಮೊದಲ ವಾರ ಪರಿಚಯಕ್ಕೇ ಮೀಸಲಾಗಲಿ. ಎಲ್ಲರಿಗೂ ಒಂದೇ ಹೊತ್ತಿಗೆ ಫೋನ್ ಸಿಗದಿದ್ದರೆ ಧ್ವನಿ ಸಂದೇಶ ಕಳಿಸಿ, ಬಿಡುವಾದಾಗ ಕೇಳಿ ಉತ್ತರಿಸುವ ಸೌಕರ್ಯವಿರಲಿ. ಇವೆಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೊಮ್ಮೆಯಾದರೂ ಪ್ರತಿ ಗುಂಪಿನ ಮಾತು ಕೇಳಿ, ಎಲ್ಲಿ ತಪ್ಪಿದಿರಿ ಎಂದು ಹೇಳುವ ಅಧ್ಯಾಪಕರಿರಲಿ. ಅಂಥವರೊಬ್ಬರಿಗೆ ಎಷ್ಟು ಗುಂಪು ಎಂಬುದನ್ನು ಸಂಸ್ಥೆ ಮೊದಲೇ ಗೊತ್ತುಪಡಿಸಬೇಕು.

ಇದು ಬೇಗ ಆಗಬೇಕಾದ ಕೆಲಸ. ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರಲ್ಲಿ ಬಂತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಇಂಥ ಆನ್‌ಲೈನ್ ಪಾಠಗಳಿಗೆ 2021ರಲ್ಲಿ ಯುಜಿಸಿ ಅವಕಾಶ ಕೊಟ್ಟಿತು. ಸೇರುವವರು ಹೆಚ್ಚಿದಂತೆ ಮೇಷ್ಟರ ಸಂಖ್ಯೆ ಹೆಚ್ಚಿಸುವ ಬದಲು, 'ಮಕ್ಕಳೇ ಗುಂಪಿನಲ್ಲಿ ಕಲಿತುಕೊಳ್ಳಲಿ' ಎನ್ನುವ ಆಸೆ ಆಡಳಿತಕ್ಕೆ ಬರುವುದು ಸಹಜ. ಲ್ಯಾಂಕಾಸ್ಟರನಿಗೂ ಹಾಗೆಯೇ ಅನ್ನಿಸಿತ್ತು. ಜೊತೆಗಾರರಿಂದ ಬರುವ ಕಾಲು ಪಾಲನ್ನು ಹೊಳವನಹಳ್ಳಿಯ ಹುಡುಗಿಗೆ ಮರಳಿ ಕೊಡಬೇಕಾದದ್ದು ನಿಜ. ಅದನ್ನು ಗುರುವಿನ ಕಾಲು ಪಾಲಿನಿಂದ ಕಳೆದು ಕೊಡಬಾರದು.